ಒಬ್ಬ ದುಷ್ಟ ಬೇಕಾಗಿದ್ದಾನೆ

ಅನಾಹುತಕ್ಕೆಲ್ಲ ಕಾರಣ ಒಂದು ಬಿಕ್ಕಳಿಕೆ. ಅದೂ ಮೀಸೆಯದಲ್ಲ, ಅವನ ಯಜಮಾನರದು.

ಮೀಸೆ ಅಂದರೆ ಒಬ್ಬ ಮನುಷ್ಯ. ಮುಖದಲ್ಲಿ ಹೇಳಿಕೊಳ್ಳುವಂಥದ್ದು ಬೇರೇನೂ ಇಲ್ಲದ್ದರಿಂದ ಜನ ಇದ್ದದ್ದರ ಹೆಸರು ಹಿಡಿದೇ ಕರೆಯುತ್ತಿದ್ದರು. ಕಿವಿಯಿಂದ ಕಿವಿಯ ತನಕ ಹಬ್ಬಿ, ತುದಿಯಲ್ಲಿ ಬಾಗಿಲ ಹಿಡಿಕೆಯಂತೆ ಮೇಲಕ್ಕೆ ಬಾಗಿದ್ದ ಆ ಮೀಸೆಯ ಹಿಂದೆ ಒಬ್ಬ ಪಾಪದ ಪ್ರಾಣಿ ಅಡಗಿ ಕೂತಿದ್ದಾನೆಂದು ಹೆಂಡತಿಯನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ವೃತ್ತಿಯಿಂದ ಅವನು ಚೇಲಾ. ಅಪ್ಪನೂ ಚೇಲಾ, ಅಜ್ಜನೂ ಚೇಲಾ. ದುಷ್ಟರ ಬೆನ್ನ ಹಿಂದೆ ಕೈಕಟ್ಟಿ ನಿಲ್ಲುವುದು ಅವರ ಮನೆತನದ ಕಸುಬು.

ಹೊರಗಿನವರು ಅದನ್ನು ಸುಲಭದ ಕೆಲಸ ಅಂದುಕೊಂಡಿದ್ದಾರೆ. ಮಾಡಿದವರಿಗೇ ಗೊತ್ತು ಅದರ ಸೂಕ್ಷ್ಮ. ಯಜಮಾನ ನಕ್ಕ ಮೇಲೆ ನಗಬೇಕು, ಅವನು ನಿಲ್ಲಿಸುವ ಮೊದಲೇ ನಿಲ್ಲಿಸಬೇಕು. ಜಾಸ್ತಿ ನಕ್ಕರೆ ಉದ್ಧಟತನ, ಕಡಿಮೆ ನಕ್ಕರೆ ಉದಾಸೀನ. ಯಜಮಾನನ ಯೋಜನೆ ಎಷ್ಟೇ ಪೆದ್ದಾಗಿದ್ದರೂ ಕಣ್ಣರಳಿಸಿ ಕೇಳಬೇಕು. ಅದು ಕೆಟ್ಟಾಗ ತಪ್ಪು ತನ್ನದೇ ಎಂದು ಮುಂದೆ ಬಂದು ಕೆನ್ನೆ ಒಡ್ಡಬೇಕು. ಮೀಸೆ ಇಷ್ಟನ್ನೂ ವರ್ಷಗಟ್ಟಲೆ ಒಂದೇ ಯಜಮಾನರ ಬಳಿ ಚಾಚೂ ತಪ್ಪದೆ ಮಾಡಿಕೊಂಡು ಬಂದಿದ್ದ. ಜೊತೆಗೆ ಇನ್ನಿಬ್ಬರು ಚೇಲಾಗಳು: ಅಡ್ಡಡ್ಡ ಬೆಳೆದ ಪೀಪಾಯಿ, ಉದ್ದುದ್ದ ಬೆಳೆದ ಕಡ್ಡಿ. ಇಬ್ಬರಿಗೂ ಸೇರಿ ದೇವರು ಒಬ್ಬನಿಗಾಗುವಷ್ಟು ಬುದ್ಧಿ ಕೊಟ್ಟಿದ್ದ. ಅದು ಸದಾ ಇನ್ನೊಬ್ಬನ ಹತ್ತಿರ ಇರುತ್ತಿತ್ತು.

ಆ ದಿನ ಬೆಳಿಗ್ಗೆ ಯಜಮಾನರ ಅಡ್ಡೆಯಾದ ಐಸ್ ಫ್ಯಾಕ್ಟರಿಯ ಮಹಡಿಯಲ್ಲಿ ಒಂದು ಗಂಭೀರ ಕಾರ್ಯಕ್ರಮ ನಡೆದಿತ್ತು. ಸೋಪು ಕಾರ್ಖಾನೆಯ ಮಾಲೀಕನನ್ನು ಹಿಡಿದು ತಂದು ಕುರ್ಚಿಗೆ ಕಟ್ಟಲಾಗಿತ್ತು. ಕಟ್ಟುವಾಗ ಪೀಪಾಯಿ ತನ್ನ ಕೈಯನ್ನೂ ಸೇರಿಸಿ ಕಟ್ಟಿಕೊಂಡದ್ದರಿಂದ ಒಮ್ಮೆ ಬಿಚ್ಚಿ ಮತ್ತೆ ಕಟ್ಟಬೇಕಾಯಿತು. ಮಾಲೀಕ ಸಜ್ಜನ, ಗಂಟು ಬಿಗಿಯುವಾಗ ಹಗ್ಗದ ತುದಿಯನ್ನು ತಾನೇ ಹಿಡಿದುಕೊಂಡು ಸಹಕರಿಸಿದ.

ಯಜಮಾನರು ಕಪ್ಪು ಕೋಟು ಹಾಕಿಕೊಂಡು ಮುಂದೆ ಬಂದರು. ಎಲ್ಲ ದುಷ್ಟರಂತೆ ಅವರಿಗೂ ತಮ್ಮ ಯೋಜನೆಯನ್ನು ಕಟ್ಟಿಹಾಕಿದವನಿಗೆ ಪೂರ್ತಿಯಾಗಿ, ಎಳೆಎಳೆಯಾಗಿ ವಿವರಿಸದಿದ್ದರೆ ಸಮಾಧಾನವಿರಲಿಲ್ಲ.

"ಇವತ್ತಿನಿಂದ ಊರಿನ ಸೋಪೆಲ್ಲ ನನ್ನ ಕೈಲಿ! ಇನ್ನು ನಾನು ಹೇಳಿದೋನು ಮಾತ್ರ ಸ್ನಾನ ಮಾಡ್ತಾನೆ! ಹ್ಹ ಹ್ಹ ಹ್ಹ ಹ್ಹಿಕ್!"

ಚೇಲಾಗಳು ಮುಖ ಮುಖ ನೋಡಿಕೊಂಡರು. ಅಟ್ಟಹಾಸಕ್ಕೆ ದನಿಗೂಡಿಸುವುದು ಅವರಿಗೆ ಗೊತ್ತಿತ್ತು, ಬಿಕ್ಕಳಿಕೆಗೆ ದನಿಗೂಡಿಸಬೇಕೋ ಬೇಡವೋ ಯಾರೂ ಹೇಳಿಕೊಟ್ಟಿರಲಿಲ್ಲ. ಕಡ್ಡಿ ಮಾತ್ರ ಯಾವುದಕ್ಕೂ ಇರಲಿ ಎಂದು ಮೆಲ್ಲಗೆ "ಹಿಕ್" ಅಂದ.

"ನಗಬೇಡ್ರೋ, ಹಿಕ್! ನಾನು ಯಾರು ಅಂತ, ಹಿಕ್! ಗೊತ್ತಾ ನಿಂಗೆ? ಹಿಕ್!"

"ಉಸಿರು ಬಿಗಿ ಹಿಡೀರಿ ಸಾರ್," ಅಂದ ಕುರ್ಚಿಯಲ್ಲಿದ್ದ ಮಾಲೀಕ. "ನಮ್ಮನೇಲಿ ಹಾಗೇ ಮಾಡೋದು."

"ಹೆದರಿಸಿದ್ರೆ ಥಟ್ ಅಂತ ಹೋಗುತ್ತೆ," ಅಂದ ಪೀಪಾಯಿ.

ಮೀಸೆಗೆ ಸುಮ್ಮನೆ ನೋಡುತ್ತ ನಿಲ್ಲಲು ಮನಸ್ಸು ಬರಲಿಲ್ಲ. ಇಷ್ಟು ವರ್ಷ ಅನ್ನ ಹಾಕಿದ ಧಣಿ, ಕಣ್ಣೆದುರೇ ಒದ್ದಾಡುತ್ತಿದ್ದಾರೆ. ಅವನು ಮೆಲ್ಲಗೆ ಹಿಂದಿನಿಂದ ಹೋಗಿ, ಯಜಮಾನರ ಕಿವಿಯ ಹತ್ತಿರ ಬಾಯಿಟ್ಟು, ಹೊಟ್ಟೆಯೊಳಗಿನ ಗಾಳಿಯನ್ನೆಲ್ಲ ಒಟ್ಟುಗೂಡಿಸಿ "ಭೋ!" ಎಂದು ಕಿರುಚಿದ.

"ಅಮ್ಮಾ!" ಎಂದು ಯಜಮಾನರು ನೆಲ ಬಿಟ್ಟು ಹಾರಿದರು.

ಬಿಕ್ಕಳಿಕೆ ಹೋಯಿತು. ಅದರ ಜೊತೆ ಇನ್ನೇನೋ ಒಂದೂ ಹೋಯಿತು. ಸೋಪಿನ ಮಾಲೀಕ ನಕ್ಕ ರಭಸಕ್ಕೆ ಕುರ್ಚಿ ಸಮೇತ ಮಗುಚಿ ಬಿದ್ದ. ಬಿದ್ದಲ್ಲಿಂದಲೇ ನಗುತ್ತಿದ್ದ. ಯಜಮಾನರು ನಿಧಾನವಾಗಿ ಕಪ್ಪು ಕೋಟು ಬಿಚ್ಚಿ ಮೊಳೆಗೆ ನೇತುಹಾಕಿದರು.

"ಮುಗೀತು ಕಣ್ರೋ," ಅಂದರು. "ಅಮ್ಮಾ ಅಂದ ಬಾಯಲ್ಲಿ ಇನ್ನು ಅಟ್ಟಹಾಸ ಹೊರಡಲ್ಲ. ನಾನು ಮಗಳ ಮನೆಗೆ ಹೋಗಿ ಮೊಮ್ಮಕ್ಕಳನ್ನ ಆಡಿಸ್ಕೊಂಡಿರ್ತೀನಿ. ಇವನನ್ನ ಬಿಚ್ಚಿ, ಟೀ ಕುಡಿಸಿ ಕಳಿಸಿ. ನೀವೂ ಮನೆಗೆ ಹೋಗಿ."

"ನಾಳೆ ಎಷ್ಟು ಹೊತ್ತಿಗೆ ಬರೋದು ಯಜಮಾನ್ರೇ?" ಕೇಳಿದ ಪೀಪಾಯಿ.

ಯಜಮಾನರು ಮೀಸೆಯತ್ತ ಒಂದು ನೋಟ ಬೀರಿ ಮೆಟ್ಟಿಲಿಳಿದು ಹೋದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಅದನ್ನೇ ಮೀಸೆಗೆ ತಡೆಯಲಾಗಲಿಲ್ಲ.

*

ಮೀಸೆಯ ಮನೆ ಒಂದು ದೊಡ್ಡ ವಸತಿ ಕಟ್ಟಡದ ಎರಡನೇ ಮಹಡಿಯಲ್ಲಿತ್ತು. ಆ ಕಟ್ಟಡದಲ್ಲಿ ಗೋಡೆಗಳು ಎಷ್ಟು ತೆಳುವೆಂದರೆ ಒಬ್ಬರು ಸೀನಿದರೆ ಪಕ್ಕದವರು ಮೂಗು ಒರೆಸಿಕೊಳ್ಳುತ್ತಿದ್ದರು. ಹಾಗಾಗಿ ಅವನು ಹೆಂಡತಿಗೆ ವಿಷಯ ಹೇಳಿ ಮುಗಿಸುವಷ್ಟರಲ್ಲಿ ಅದು ಮೂರು ಮಹಡಿ ದಾಟಿತ್ತು.

"ಭೋ ಅಂದ್ರಾ?" ಹೆಂಡತಿ ಸೊಂಟಕ್ಕೆ ಕೈಕೊಟ್ಟು ನಿಂತಳು. "ನಾನು ಕೂಗಿದ್ರೆ 'ಆಂ' ಅನ್ನೋಕೂ ನಿಮಗೆ ಬಾಯಿ ಬರಲ್ಲ. ಅಲ್ಲಿ ಹೋಗಿ ಭೋ ಅಂದ್ರಾ?"

"ಒಳ್ಳೇದಾಗ್ಲಿ ಅಂತ..."

"ದುಷ್ಟರ ಹತ್ರ ಕೆಲಸಕ್ಕಿರೋರು ಒಳ್ಳೇದು ಮಾಡೋಕೆ ಯಾಕೆ ಹೋಗ್ಬೇಕು? ಆಯ್ತು ಬಿಡಿ. ನನ್ನ ತಮ್ಮ ಬೊಂಬೆ ಅಂಗಡಿ ತೆಗೆದಿದಾನಲ್ಲ, ಬಾಗಿಲಲ್ಲಿ ನಿಲ್ಲೋಕೆ ಒಂದು ಆಳು ಬೇಕಂತೆ. ಮೊಲದ ವೇಷ. ಕಿವಿ ಅಲ್ಲಾಡಿಸ್ಕೊಂಡು ಮಕ್ಕಳಿಗೆ ಬಲೂನು ಕೊಡ್ಬೇಕಂತೆ. ಸಂಜೆ ಒಳಗೆ ನಿಮಗೆ ಬೇರೆ ಯಜಮಾನ ಸಿಕ್ರೆ ಸರಿ. ಇಲ್ಲಾಂದ್ರೆ ನಾಳೆಯಿಂದ ಮೊಲ."

ಮೀಸೆ ತನ್ನ ಕಿವಿ ಮುಟ್ಟಿ ನೋಡಿಕೊಂಡ. ಮೂರು ತಲೆಮಾರಿನ ಚೇಲಾ ವಂಶದ ಕುಡಿ, ಬಾಲ ಕಟ್ಟಿಕೊಂಡು ಭಾವಮೈದುನನ ಅಂಗಡಿಯ ಮುಂದೆ! ಮೊಲದ ಬಾಯಿಯಿಂದ ಮೀಸೆ ಹೊರಗೆ ಬರುತ್ತದೋ ಒಳಗೇ ಮಡಚಿಡಬೇಕೋ ಎಂಬ ಪ್ರಶ್ನೆಯೂ ಬೆನ್ನಿಗೇ ಬಂತು. ನಿಜ ಹೇಳಬೇಕೆಂದರೆ ಅವನನ್ನು ಹೆದರಿಸಿದ್ದು ವೇಷವಲ್ಲ. ಬೊಂಬೆ ಅಂಗಡಿಯ ಮೊಲ ಎಲ್ಲರಿಗಿಂತ ಮುಂದೆ, ಒಂಟಿಯಾಗಿ ನಿಲ್ಲಬೇಕು. ಅವನು ಹುಟ್ಟಿದಂದಿನಿಂದ ಯಾರದಾದರೂ ಒಂದು ಬೆನ್ನು ನೋಡುತ್ತಲೇ ಬೆಳೆದವನು. ಎದುರಿಗೆ ಬೆನ್ನಿಲ್ಲದ ಜಾಗದಲ್ಲಿ ಕೈಕಾಲು ಎಲ್ಲಿಡಬೇಕೆಂದೇ ಅವನಿಗೆ ತಿಳಿಯುತ್ತಿರಲಿಲ್ಲ.

ಅವನು ಮೆಟ್ಟಿಲಿಗೆ ಬರುವಷ್ಟರಲ್ಲಿ ಅಲ್ಲಿ ಸಭೆ ಸೇರಿತ್ತು. ಪೀಪಾಯಿ ಮತ್ತು ಕಡ್ಡಿ ಮೆಟ್ಟಿಲ ಮೇಲೆ ಮುಖ ಜೋಲು ಹಾಕಿ ಕೂತಿದ್ದರು. ಎದುರು ಮನೆಯ ನಿವೃತ್ತ ಅಂಚೆ ಮಾಸ್ತರರು ಮತ್ತು ಕೆಳಮನೆಯ ಟೈಲರಮ್ಮ ಅವರನ್ನು ವಿಚಾರಿಸಿಕೊಳ್ಳುತ್ತಿದ್ದರು.

"ಭೋ ಅನ್ನಬಾರದಿತ್ತು," ಅಂದರು ಮಾಸ್ತರರು. "ಒಂದು ಚಮಚ ಸಕ್ಕರೆ ಬಾಯಿಗೆ ಹಾಕಿದ್ರೆ ಸಾಕಿತ್ತು."

"ಸಕ್ಕರೆಯಂತೆ! ಮೂಗು ಹಿಡಿದು ನೀರು ಕುಡಿಸ್ಬೇಕಿತ್ತು," ಅಂದರು ಟೈಲರಮ್ಮ.

ಈ ವಿಷಯದಲ್ಲಿ ಇಬ್ಬರಿಗೂ ಮಾತಿಗೆ ಮಾತು ಬೆಳೆದು, ಬಿಕ್ಕಳಿಕೆಯ ಕುರಿತು ಇಡೀ ಕಟ್ಟಡದ ಜ್ಞಾನಭಂಡಾರ ಖಾಲಿಯಾದ ಮೇಲೆ ಟೈಲರಮ್ಮನಿಗೆ ಮುಖ್ಯ ವಿಷಯ ನೆನಪಾಯಿತು.

"ನಿಮಗೆ ಬೇಕಿರೋದು ಒಬ್ಬ ದುಷ್ಟ ತಾನೆ? ದೊಡ್ಡ ರಸ್ತೇಲಿ ಗಾಜಿನ ಕಟ್ಟಡ ಇದೆಯಲ್ಲ, ಅಲ್ಲಿ ಒಬ್ಬ ಇದಾನೆ. ಇಡೀ ಪೇಟೆ ಅವನ ಹೆಸರು ಕೇಳಿದ್ರೆ ಗಡಗಡ ಅನ್ನುತ್ತೆ. ನಾನೇ ಅವನ ಕೋಟಿಗೆ ಗುಂಡಿ ಹಾಕಿದೀನಿ. ಗುಂಡಿ ಸಹ ಕಪ್ಪು."

*

ಗಾಜಿನ ಕಟ್ಟಡದ ಒಳಗೆ ಹೋದಾಗ ಮೂವರಿಗೂ ತಾವು ತಪ್ಪಿ ಆಸ್ಪತ್ರೆಗೆ ಬಂದೆವೇ ಎನ್ನಿಸಿತು. ಬಿಳಿ ನೆಲ, ಕುಂಡದಲ್ಲಿ ಗಿಡ, ಎಲ್ಲಿಂದಲೋ ಮೆಲುವಾದ ಸಂಗೀತ. ಕತ್ತಲೆ ಕೋಣೆಯಿಲ್ಲ, ಸರಪಳಿಯಿಲ್ಲ, ಛಾವಣಿಯಿಂದ ತೂಗುವ ಒಂಟಿ ಬಲ್ಬೂ ಇಲ್ಲ. ನಗುಮುಖದ ಒಬ್ಬ ಹೆಂಗಸು ಅವರನ್ನು ಮೇಜಿನ ಎದುರು ಕೂರಿಸಿ, ಕುಡಿಯಲು ನೀರು ಕೊಟ್ಟು, ಅವರು ಯಾರು, ಏಕೆ ಬಂದರು ಎಂದು ವಿಚಾರಿಸಿದಳು.

"ಚೇಲಾ ಕೆಲಸಕ್ಕೆ ಬಂದಿದೀವಿ ಮೇಡಂ," ಅಂದ ಮೀಸೆ.

"ಅಯ್ಯೋ, ಆ ಪದ ಇಲ್ಲಿ ಬಳಸಬಾರದು. ನಮ್ಮಲ್ಲಿ ಎಲ್ಲರೂ ಸಹಯೋಗಿಗಳು. ಇಲ್ಲಿ ಯಾರೂ ಯಾರಿಗೂ ಬೆದರಿಕೆ ಹಾಕಲ್ಲ, ನೆನಪು ಮಾಡ್ತೀವಿ. ಯಾರಿಗೂ ಹೊಡೆಯಲ್ಲ, ಮನವರಿಕೆ ಮಾಡ್ತೀವಿ. ನಿಮಗೆ ಏನೇನು ಬರುತ್ತೆ?"

"ಹಲ್ಲು ಕಡಿಯೋದು," ಅಂದ ಕಡ್ಡಿ.

"ನಾನು ಬಾಗಿಲಿಗೆ ಅಡ್ಡ ನಿಂತ್ರೆ ಗಾಳೀನೂ ಒಳಗೆ ಬರಲ್ಲ," ಅಂದ ಪೀಪಾಯಿ ಹೆಮ್ಮೆಯಿಂದ.

ಹೆಂಗಸು ತಲೆದೂಗಿ ಮೀಸೆಯತ್ತ ತಿರುಗಿದಳು. "ಐದು ವರ್ಷ ಆದ್ಮೇಲೆ ನೀವು ನಿಮ್ಮನ್ನ ಎಲ್ಲಿ ನೋಡೋಕೆ ಬಯಸ್ತೀರಿ?"

ಮೀಸೆ ಪ್ರಾಮಾಣಿಕವಾಗಿ ಯೋಚಿಸಿದ. "ಯಜಮಾನರ ಹಿಂದೆ ಮೇಡಂ. ಸ್ವಲ್ಪ ಎಡಕ್ಕೆ."

"ಮುಂದೆ ಬರ್ಬೇಕು ಅಂತ ಆಸೆ ಇಲ್ವಾ?"

"ಮುಂದೆ ಬಂದ್ರೆ ಯಜಮಾನರ ಮುಖ ಮುಚ್ಚಿಹೋಗುತ್ತಲ್ಲ ಮೇಡಂ."

ಹೆಂಗಸು ಮೃದುವಾಗಿ ನಕ್ಕಳು. ಆ ನಗುವಿನಲ್ಲೇ ಮೂವರೂ ಬಾಗಿಲ ಹೊರಗಿದ್ದರು. "ನಿಮ್ಮಲ್ಲಿ ಪ್ರತಿಭೆ ಇದೆ. ಆದ್ರೆ ನಾಯಕತ್ವದ ಗುಣ ಕಾಣ್ತಾ ಇಲ್ಲ. ಮುಂದೆ ಯಾವತ್ತಾದ್ರೂ ನೋಡೋಣ," ಎಂದು ಬೀಳ್ಕೊಟ್ಟಳು. ಐಸ್ ಫ್ಯಾಕ್ಟರಿಯ ಯಜಮಾನರಾಗಿದ್ದರೆ ಕಪಾಳಕ್ಕೆ ಎರಡು ಬಿಗಿದು ಓಡಿಸುತ್ತಿದ್ದರು. ಎಷ್ಟೋ ಮರ್ಯಾದೆಯಾಗಿರುತ್ತಿತ್ತು.

ಬೀದಿಗೆ ಬಂದ ಮೇಲೆ ಕಡ್ಡಿ ಕಣ್ಣೊರೆಸಿಕೊಂಡ. "ಕಾಲ ಕೆಟ್ಟೋಯ್ತಣ್ಣ. ದುಷ್ಟರೇ ಹೀಗೆ ಸೌಮ್ಯ ಆಗ್ಬಿಟ್ರೆ ನಮ್ಮಂಥೋರು ಎಲ್ಲಿಗೆ ಹೋಗೋದು?"

*

ಎರಡನೇ ಸಲಹೆ ಅಂಚೆ ಮಾಸ್ತರರದು. ಮಾಸ್ತರರು ದುಷ್ಟರ ವಿಷಯದಲ್ಲಿ ಬಹಳ ಅನುಭವಿಗಳು. "ಮಾರುಕಟ್ಟೆ ಹಿಂದೆ ಒಬ್ಬ ಹಲ್ಲಿನ ಡಾಕ್ಟರಿದಾನೆ. ನನ್ನ ದವಡೆ ಹಲ್ಲು ಕಿತ್ತೋನು ಅವನೇ. ಕೀಳುವಾಗ ಹಾಡು ಗುನುಗ್ತಿದ್ದ ಕಣಯ್ಯ! ಅಂಥ ಕಲ್ಲೆದೆ ಇನ್ನೊಂದಿಲ್ಲ," ಎಂದಿದ್ದರು.

ದವಾಖಾನೆಯ ಮೆಟ್ಟಿಲು ಹತ್ತುವಾಗಲೇ ಒಳಗಿನಿಂದ ಒಂದು ಆರ್ತನಾದ ಕೇಳಿಬಂತು. ಮೀಸೆಯ ಮುಖ ಅರಳಿತು. ಆರ್ತನಾದದ ಹಿಂದೆಯೇ ಯಾರೋ ಹಾಡು ಗುನುಗುವ ದನಿ. ಮೂವರ ಕಣ್ಣಲ್ಲೂ ನೀರಾಡಿತು. ತವರಿಗೆ ಬಂದಂತಾಗಿತ್ತು.

ಡಾಕ್ಟರು ಅವರ ಕತೆ ಅರ್ಧ ಮಾತ್ರ ಕೇಳಿದರು. "ರೋಗಿಗಳನ್ನ ಹಿಡ್ಕೊಳ್ಳೋಕೆ ಜನ ಬೇಕಿತ್ತು. ಸದ್ಯಕ್ಕೆ ಹೊರಗೆ ಕಾಯ್ತಿರೋರ ಹತ್ರ ನಿಂತಿರಿ, ಕರೀತೀನಿ," ಎಂದು ಇಕ್ಕಳ ಬೀಸುತ್ತ ಒಳಗೆ ಹೋದರು.

ಕಾಯುವ ಕೋಣೆಯಲ್ಲಿ ಬೆಂಚು ತುಂಬ ಜನ, ಒಬ್ಬೊಬ್ಬರೂ ಕೆನ್ನೆ ಹಿಡಿದುಕೊಂಡು ಕೂತಿದ್ದರು. ಮೀಸೆ ಗೋಡೆಗೆ ಬೆನ್ನು ಕೊಟ್ಟು, ಕೈಕಟ್ಟಿ, ಕಸುಬಿನ ಪ್ರಕಾರ ಕೆಕ್ಕರಿಸಿ ನೋಡುತ್ತ ನಿಂತ. ಪೀಪಾಯಿ ಬಾಗಿಲಿಗೆ ಅಡ್ಡಲಾದ. ಕಡ್ಡಿ ಮೂಲೆಯಲ್ಲಿ ನಿಂತು ಹಲ್ಲು ಕಡಿಯತೊಡಗಿದ. ಹಲ್ಲು ನೋವಿನವರೆದುರು ಆ ಸದ್ದು ಬೇಡವಾಗಿತ್ತು.

ಮೊದಲು ಒಬ್ಬ ದಪ್ಪ ಕನ್ನಡಕದವನು ಕೆನ್ನೆಯಿಂದ ಕೈ ತೆಗೆದ. "ವಿಚಿತ್ರ! ನೋವು ಹೋಗೇಬಿಡ್ತು," ಎಂದು ಎದ್ದ. ಪಕ್ಕದವಳಿಗೂ ಹೋಯಿತು. ಅವಳ ಅತ್ತೆಗೆ ಹೋಗುವ ನೋವೇ ಇರಲಿಲ್ಲವಂತೆ, ಸುಮ್ಮನೆ ಜೊತೆಗೆ ಬಂದಿದ್ದಳಂತೆ. ಅವಳೂ ಎದ್ದಳು. ಬಾಗಿಲಲ್ಲಿ ಪೀಪಾಯಿ ಸಿಕ್ಕಿಕೊಂಡಿದ್ದರಿಂದ ಕೆಲವರು ಕಿಟಕಿಯಿಂದ ಇಳಿದು ಹೋದರು. ಡಾಕ್ಟರು "ಮುಂದಿನವರು ಬನ್ನಿ!" ಎಂದು ಕೂಗಿಕೊಂಡು ಹೊರಗೆ ಬಂದಾಗ ಬೆಂಚಿನ ಮೇಲೆ ಒಂದು ಮಫ್ಲರ್ ಮಾತ್ರ ಕೂತಿತ್ತು.

"ಎಲ್ರೋ ನನ್ನ ರೋಗಿಗಳು?"

"ಎಲ್ರಿಗೂ ವಾಸಿ ಆಯ್ತು ಸಾರ್," ಅಂದ ಪೀಪಾಯಿ ಬಾಯಿ ತುಂಬ ನಕ್ಕು.

ಬಾಯಿ ತೆರೆದದ್ದೇ ತಪ್ಪಾಯಿತು. ಡಾಕ್ಟರು ಅವನ ದವಡೆಯೊಳಗೆ ಇಣುಕಿ ನೋಡಿದರು. ಅವರ ಮುಖದಲ್ಲಿ ಹಸಿದವನು ತಟ್ಟೆ ನೋಡುವ ಪ್ರಸನ್ನತೆ ಮೂಡಿತು. ಪೀಪಾಯಿಯನ್ನು ಹಿಡಿದುಕೊಳ್ಳಲು ಮೀಸೆ, ಕಡ್ಡಿಗೇ ಹೇಳಿದರು. ಯಜಮಾನ ಹೇಳಿದ ಮೇಲೆ ಮಾಡಬೇಕಲ್ಲ, ಇಬ್ಬರೂ ಹಿಡಿದುಕೊಂಡರು. ಹಾಡು ಮುಗಿಯುವಷ್ಟರಲ್ಲಿ ಹಲ್ಲು ಬಟ್ಟಲಿನಲ್ಲಿತ್ತು.

"ಸಾರ್, ಹಾಗಾದ್ರೆ ನಾವು ಕೆಲಸಕ್ಕೆ..." ಎಂದು ಮೀಸೆ ಹಲ್ಲು ಗಿಂಜಿದ.

"ಕೆಲಸನಾ? ಒಂದು ದಿನದ ರೋಗಿಗಳನ್ನ ಓಡಿಸಿ ಕೆಲಸ ಕೇಳ್ತೀಯಾ? ನಡೀರಿ ಹೊರಗೆ! ಅಥವಾ ನೀನೂ ಬಾಯಿ ತೆಗಿ."

ಮೂವರೂ ಬಾಯಿ ಮುಚ್ಚಿಕೊಂಡು ಓಡಿದರು. ಬೀದಿಯ ತುದಿಯಲ್ಲಿ ನಿಂತು ಏದುಸಿರು ಬಿಡುವಾಗ ಪೀಪಾಯಿ ಕೆನ್ನೆ ಒತ್ತಿಕೊಂಡು, "ನೋಯ್ದೇ ಇದ್ದ ಹಲ್ಲು ಕಣೋ ಅದು," ಎಂದು ಗೊಣಗಿದ. ಆಮೇಲೆ ದವಾಖಾನೆಯತ್ತ ತಿರುಗಿ ನೋಡಿ, "ಆದ್ರೂ ಒಳ್ಳೇ ದುಷ್ಟ. ಸಿಗ್ಬೇಕಿತ್ತು," ಅಂದ.

*

ಬಿಸಿಲು ಇಳಿಯುವ ಹೊತ್ತಿಗೆ ಮೂವರೂ ಕಾಲೆಳೆದುಕೊಂಡು ಕಟ್ಟಡಕ್ಕೆ ಮರಳಿದರು. ಮೀಸೆಯ ಕಣ್ಣ ಮುಂದೆ ಉದ್ದ ಕಿವಿಗಳು ಆಡುತ್ತಿದ್ದವು. ಅಂಗಳದಲ್ಲಿ ಜಾತ್ರೆಯಂತೆ ಜನ ಸೇರಿದ್ದರು. ಎಲ್ಲರ ಕೈಯಲ್ಲೂ ಖಾಲಿ ಬಕೆಟು. ಒಬ್ಬ ಗಂಡಸು ತಲೆಗೆ ಶಾಂಪೂ ಹಾಕಿಕೊಂಡು, ನೊರೆಯ ಸಮೇತ ಟವೆಲ್ಲಿನಲ್ಲಿ ನಿಂತಿದ್ದ.

"ನಲ್ಲೀಲಿ ಒಂದು ಹನಿ ಬರ್ತಿಲ್ಲ!" ಅಂದರು ಟೈಲರಮ್ಮ. "ಎಲ್ಲಾ ಆ ಮೇಲಿನ ಮಹಡಿ ಮಹಾತಾಯಿ ಕೆಲಸ. ಬೇಕಂತಲೇ ನೀರು ನಿಲ್ಲಿಸಿದಾಳೆ."

"ಲಿಫ್ಟ್ ನಿಲ್ಲಿಸಿದೋಳೂ ಅವಳೇ," ಅಂದರು ಮಾಸ್ತರರು. "ನನ್ನಂಥ ಮುದುಕ ಮೆಟ್ಟಿಲು ಹತ್ತಿ ಸಾಯ್ಲಿ ಅಂತ. ಮಕ್ಕಳು ಆಡೋ ಜಾಗಕ್ಕೆ ಬೀಗ ಹಾಕಿದೋಳೂ ಅವಳೇ. ಅವಳಿಗೆ ಎದೆಯಲ್ಲಿ ಹೃದಯ ಇಲ್ಲ ಕಣ್ರೀ, ಕಲ್ಲಿದೆ."

"ನಾವು ಕೂಗಿದ್ರೆ ಬಾಗಿಲು ತೆಗೆಯಲ್ಲ. ಒಳಗೆ ಕೂತು ನಗ್ತಿರ್ತಾಳೆ," ಅಂದ ನೊರೆಯವನು.

ಮೀಸೆ ನಿಂತಲ್ಲೇ ನಿಂತ. "ಯಾರು? ಯಾರ ವಿಷಯ ಹೇಳ್ತಿದೀರಾ?"

"ಇನ್ಯಾರು, ನಮ್ಮ ಕಟ್ಟಡದ ಸಂಘದ ಕಾರ್ಯದರ್ಶಿ!"

ಮೀಸೆ ಈ ಮಾತುಗಳನ್ನು ವರ್ಷಗಳಿಂದ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟವನು. ಬೆಳಿಗ್ಗೆ ಕೆಲಸಕ್ಕೆ ಹೋಗಿ ರಾತ್ರಿ ಬರುವವನಿಗೆ ಕಾರ್ಯದರ್ಶಿಯ ಮುಖ ಕೂಡ ಸರಿಯಾಗಿ ನೆನಪಿರಲಿಲ್ಲ. ಈಗ ಕೈಕಟ್ಟಿ, ಎರಡೂ ಕಿವಿ ಕೊಟ್ಟು ಕೇಳಿದ. ಊರಿನ ಸೋಪು ಹಿಡಿಯಲು ಹೊರಟು ಬಿಕ್ಕಳಿಸಿದ ತನ್ನ ಯಜಮಾನರೆಲ್ಲಿ, ಒಂದಿಷ್ಟೂ ಸದ್ದಿಲ್ಲದೆ ಇಡೀ ಕಟ್ಟಡದ ಸ್ನಾನವನ್ನೇ ಹಿಡಿದು ನಿಲ್ಲಿಸಿದ ಈ ಹೆಂಗಸೆಲ್ಲಿ! ಮುದುಕರು, ಮಕ್ಕಳು, ನೊರೆ ಹಚ್ಚಿಕೊಂಡವರು, ಯಾರ ಮೇಲೂ ಕರುಣೆಯಿಲ್ಲ. ತಾನು ಊರೆಲ್ಲ ಹುಡುಕಿದ ದುಷ್ಟಶಕ್ತಿ ತನ್ನ ತಲೆಯ ಮೇಲೇ ವಾಸವಾಗಿತ್ತು.

"ಪೀಪಾಯಿ, ಕಡ್ಡಿ, ನಡೀರಿ," ಅಂದ. "ಸಿಕ್ಕಿದ್ರು."

ಮೇಲಿನ ಮಹಡಿ ತಲುಪುವಷ್ಟರಲ್ಲಿ ಪೀಪಾಯಿ ಎರಡು ಸಲ ಕೂತು ಎದ್ದಿದ್ದ. ಕಾರ್ಯದರ್ಶಿಯ ಮನೆಯ ಪರದೆಗಳು ಹಗಲಲ್ಲೇ ಮುಚ್ಚಿದ್ದವು. ಒಳಗೆ ಕತ್ತಲೆ. ಮೀಸೆಗೆ ಅದೂ ಮೆಚ್ಚುಗೆಯಾಯಿತು. ಬಾಗಿಲು ತಟ್ಟಿದ. ಬಹಳ ಹೊತ್ತಿನ ಮೇಲೆ ಬಾಗಿಲು ಚಿಲಕದ ಸರಪಳಿಯಷ್ಟೇ ಅಗಲ ತೆರೆದು, ಸಂದಿಯಲ್ಲಿ ಒಂದು ಕಣ್ಣು ಕಾಣಿಸಿತು.

"ನೀರಿಲ್ಲ! ನನ್ನನ್ನ ಕೇಳ್ಬೇಡಿ!" ಅಂದಿತು ಕಣ್ಣು.

"ನೀರು ಬೇಡ ತಾಯಿ," ಎಂದು ಮೀಸೆ ತಲೆ ಬಾಗಿಸಿದ. ಹಿಂದೆ ಇಬ್ಬರೂ ಬಾಗಿಸಿದರು. "ನಿಮ್ಮ ಕೀರ್ತಿ ಕೆಳಗೆ ಕೇಳ್ಕೊಂಡು ಬಂದ್ವಿ. ಮಕ್ಕಳು ಮುದುಕರು ಅಂತ ನೋಡ್ದೆ ಎಲ್ರನ್ನೂ ಒಂದೇ ಸಮ ಗೋಳು ಹುಯ್ಕೋತೀರಂತೆ. ಅಂಥೋರ ಹಿಂದೆ ನಿಲ್ಲೋ ಭಾಗ್ಯ ಕೊಡಿ."

ಕಣ್ಣು ಮಿಟುಕಿತು. ಸರಪಳಿ ಕಳಚಿತು. ಬಾಗಿಲಲ್ಲಿ ನಿಂತದ್ದು ಒಂದು ಸಣಕಲು ದೇಹದ, ಬೆಳ್ಳಿ ಕೂದಲಿನ ಹೆಂಗಸು. ಅವಳು ಮೀಸೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಯಾರಾದ್ರೂ ಬೈದ್ರೆ ಬೇಜಾರಾಗುತ್ತಾ ನಿಂಗೆ?"

"ಬೈಸ್ಕೊಂಡೇ ಬೆಳೆದೋನು ತಾಯಿ."

"ಹೊತ್ತಲ್ಲದ ಹೊತ್ತಲ್ಲಿ ಬಾಗಿಲು ಬಡೀತಾರೆ. ಊಟಕ್ಕೆ ಕೂತಾಗ ಬರ್ತಾರೆ. ಮಾಡದ ತಪ್ಪಿಗೆ ಮುಖಕ್ಕೆ ಉಗೀತಾರೆ."

"ಮಾಡದ ತಪ್ಪು ಒಪ್ಕೊಳ್ಳೋದೇ ನಮ್ಮ ಕಸುಬು."

"ಓಡ್ಹೋಗಲ್ಲ ತಾನೆ?"

"ನಮ್ಮಜ್ಜ ಓಡಿಲ್ಲ, ಅಪ್ಪ ಓಡಿಲ್ಲ. ನಾನೂ ಓಡಲ್ಲ."

ಹೆಂಗಸಿನ ಕಣ್ಣು ತುಂಬಿ ಬಂತು. ಸೆರಗಿನಿಂದ ಒರೆಸಿಕೊಂಡಳು. "ಎಷ್ಟು ವರ್ಷದಿಂದ ನಿನ್ನಂಥೋನಿಗೆ ಕಾಯ್ತಿದ್ದೆ ಮಗಾ," ಅಂದಳು. ಇಷ್ಟು ಕಾಲದ ಕಸುಬಿನಲ್ಲಿ ಯಾರೂ ಮೀಸೆಗೆ ಹಾಗೆ ಹೇಳಿರಲಿಲ್ಲ.

ಅವಳು ಒಳಗೆ ಹೋಗಿ ಒಂದು ದೊಡ್ಡ ಬೀಗದಕೈ ಗೊಂಚಲು ತಂದು ಅವನ ಕೈಗಿಟ್ಟಳು. ಅದರ ಭಾರಕ್ಕೆ ಮೀಸೆಯ ತೋಳು ಜಗ್ಗಿತು. ಆಮೇಲೆ ಒಂದು ಸೂಟ್‌ಕೇಸು ಎಳೆದುಕೊಂಡು ಬಂದಳು. ಅದು ಎಷ್ಟು ಬೇಗ ಸಿದ್ಧವಾಯಿತೆಂದು ಮೀಸೆ ಬೆರಗಾದ. ಬಾಗಿಲ ಹಿಂದೆ ಅದು ಯಾವ ಕಾಲದಿಂದ ಸಿದ್ಧವಾಗಿ ನಿಂತಿತ್ತೆಂದು ಅವನಿಗೆ ಹೊಳೆಯಲಿಲ್ಲ. ಪೀಪಾಯಿ ಅಪ್ಪಣೆಗೂ ಕಾಯದೆ ಸೂಟ್‌ಕೇಸನ್ನು ತಲೆಯ ಮೇಲೆ ಹೊತ್ತ. ಹೊಸ ಯಜಮಾನಿ ಮುಂದೆ, ಮೀಸೆ ಅವಳ ಬೆನ್ನ ಹಿಂದೆ ಸ್ವಲ್ಪ ಎಡಕ್ಕೆ. ಮೆಟ್ಟಿಲಿಳಿಯುವಾಗ ಅವನ ಎದೆ ಉಬ್ಬಿತ್ತು.

ಅಂಗಳದಲ್ಲಿ ಕಾರ್ಯದರ್ಶಿಯನ್ನು ಕಂಡದ್ದೇ ತಡ ಬಕೆಟುಗಳು ಮೇಲೆದ್ದವು. ಅವಳು ಹೆದರಲಿಲ್ಲ.

"ಎಲ್ರೂ ಕೇಳಿ! ನಿಮಗೆ ನಾನು ಬೇಡ ಅಂತ ತಾನೆ ದಿನಾ ಗಲಾಟೆ? ಇಗೋ, ಎರಡನೇ ಮಹಡಿಯೋರು ಮನಸಾರೆ ಮುಂದೆ ಬಂದಿದಾರೆ. ಇವತ್ತಿಂದ ಇವರೇ ಕಾರ್ಯದರ್ಶಿ. ಒಪ್ಪಿಗೆನಾ?"

ಅವಳ ಮಾತು ಮುಗಿಯುವ ಮೊದಲೇ ಅಂಗಳದ ಕೈಗಳೆಲ್ಲ ಮೇಲಕ್ಕೆದ್ದವು. ತಮ್ಮನ್ನೇ ಆರಿಸಿಬಿಟ್ಟಾರೆಂಬ ಭಯಕ್ಕೆ ಮಾಸ್ತರರು ಎರಡೂ ಕೈ ಎತ್ತಿದರು. ನೊರೆಯವನೂ ಎರಡು ಕೈ ಎತ್ತಲು ಹೋಗಿ, ಜಾರುತ್ತಿದ್ದ ಟವೆಲ್ಲು ಹಿಡಿದುಕೊಂಡು ಒಂದಕ್ಕೇ ನಿಲ್ಲಿಸಿದ.

"ತಾಯಿ, ಇದೇನಿದು?" ಮೀಸೆ ಅವಳ ಹಿಂದೆ ಓಡಿದ. ಅವಳಾಗಲೇ ಗೇಟಿನ ಬಳಿ ಟ್ಯಾಕ್ಸಿಯೊಳಗೆ ಕೂತಿದ್ದಳು. "ನಾನು ನಿಮ್ಮ ಹಿಂದೆ ನಿಲ್ಲೋಕೆ ಬಂದೋನು! ನನಗೆ ಏನಪ್ಪಣೆ?"

"ಪಂಪಿನ ಮೋಟಾರು ಸುಟ್ಟು ಕರಕಲಾಗಿದೆ," ಅಂದಳು ಅವಳು ಕಿಟಕಿಯಿಂದ ತಲೆ ಹೊರಹಾಕಿ. ಅವಳ ಮುಖ ಈಗ ಹತ್ತು ವರ್ಷ ಚಿಕ್ಕದಾಗಿತ್ತು. "ಲಿಫ್ಟಿನ ಹಗ್ಗ ತುಂಡಾಗೋ ಹಾಗಿದೆ, ಅದಕ್ಕೇ ನಿಲ್ಲಿಸಿದ್ದು. ಮಕ್ಕಳಾಡೋ ಜಾಗದಲ್ಲಿ ಹಾವು ಕಂಡಿತ್ತು. ರಿಪೇರಿಯೋನು ನಾಳೆ ಬರ್ತೀನಿ ಅಂತಾನೆ, ಬರಲ್ಲ. ಯಾರಿಗೆ ಹೇಳಿದ್ರೂ ನಂಬಲ್ಲ, ನೀನು ನಂಬಿಸೋಕೆ ಹೋಗ್ಬೇಡ. ಇನ್ನು ಅಪ್ಪಣೆ ಎಲ್ಲಾ ನಿಂದೇ ಕಣಪ್ಪ!"

ಟ್ಯಾಕ್ಸಿ ಹೊರಟುಹೋಯಿತು. ಮೀಸೆಯ ಎದುರಿಗೆ ಬೆನ್ನಿರಲಿಲ್ಲ. ಖಾಲಿ ರಸ್ತೆಯೊಂದಿತ್ತು. ಆ ಹೆಂಗಸು ಎಷ್ಟೋ ವರ್ಷ ಕತ್ತಲೆ ಕೋಣೆಯಲ್ಲಿ ಕೂತು ನಗುತ್ತಿರಲಿಲ್ಲ, ಅಡಗಿಕೊಂಡಿದ್ದಳು ಎಂದು ಅವನಿಗೆ ಆಗ ಅರ್ಥವಾಯಿತು. ಸ್ವಲ್ಪ ತಡವಾಗಿತ್ತು.

ಹೆಂಡತಿ ಜನರ ನಡುವಿನಿಂದ ಮುಖ ಅರಳಿಸಿಕೊಂಡು ಬಂದಳು. "ತಮ್ಮನಿಗೆ ಈಗಷ್ಟೇ ಫೋನ್ ಮಾಡಿ ನೀವು ಬರಲ್ಲ ಅಂತ ಹೇಳ್ಬಿಟ್ಟೆ. ಕಾರ್ಯದರ್ಶಿ ಆದೋರು ಬಲೂನು ಹಂಚ್ಕೊಂಡು ನಿಂತ್ರೆ ಜನ ಏನಂದ್ಕೋತಾರೆ? ಅಂದ ಹಾಗೆ ಸಂಬಳ ಯಾವಾಗ ಕೊಡ್ತಾರಂತೆ?"

"ಇದಕ್ಕೆ ಸಂಬಳ ಇಲ್ಲಮ್ಮ," ಅಂದರು ಟೈಲರಮ್ಮ. "ಇದು ಸೇವೆ."

ಹೆಂಡತಿಯ ಮುಖ ಬಾಡಿದ್ದನ್ನು ನೋಡಲು ಮೀಸೆಗೆ ಸಮಯ ಸಿಗಲಿಲ್ಲ. ಜನ ಅವನನ್ನು ಸುತ್ತುವರಿದಿದ್ದರು.

"ನೀರು ಯಾವಾಗ್ರೀ ಬಿಡ್ತೀರಾ?" ಅಂದರು ಮಾಸ್ತರರು. ಬೆಳಿಗ್ಗೆಯಷ್ಟೇ ಅವನ ಬೆನ್ನು ತಟ್ಟಿ ಕಳಿಸಿದವರು ಈಗ ಅವನನ್ನು ಮೊದಲ ಸಲ ನೋಡುವವರಂತೆ ನೋಡಿದರು.

"ಸಾರ್, ಮೋಟಾರು ಸುಟ್ಟುಹೋಗಿದೆಯಂತೆ..."

"ಅಧಿಕಾರ ಸಿಕ್ಕ ತಕ್ಷಣ ಶುರು ಹಚ್ಕೊಂಡ ನೋಡಿ ನೆಪ ಹೇಳೋಕೆ!" ಅಂದರು ಟೈಲರಮ್ಮ. "ಆ ಮೀಸೆ ನೋಡಿದಾಗ್ಲೇ ಅಂದ್ಕೊಂಡೆ, ಇವನು ಸಾಮಾನ್ಯದೋನಲ್ಲ ಅಂತ. ಅವಳಾದ್ರೂ ವಾಸಿ ಇದ್ಲು ಪಾಪ. ಚಿನ್ನದಂಥ ಹೆಂಗಸು."

"ಪುಣ್ಯಾತ್ಗಿತ್ತಿ," ಅಂದ ನೊರೆಯವನು, ಕಣ್ಣಿಗಿಳಿದ ಶಾಂಪೂ ಒರೆಸಿಕೊಳ್ಳುತ್ತ. "ಇವನಿಗೆ ಹೃದಯ ಇಲ್ಲ."

ಮೀಸೆ ಅಳುವಂತಾದ. ಪೀಪಾಯಿ, ಕಡ್ಡಿಯಾದರೂ ತನ್ನ ಪರ ಎರಡು ಮಾತಾಡಿಯಾರೆಂದು ಹಿಂದಕ್ಕೆ ತಿರುಗಿ ನೋಡಿದ. ಇಬ್ಬರೂ ಕೈಕಟ್ಟಿ, ಎದೆ ಸೆಟೆಸಿ ನಿಂತಿದ್ದರು. ಜನರ ಬೈಗುಳ ಒಂದೊಂದಾಗಿ ಕಿವಿಗೆ ಬೀಳುತ್ತಿದ್ದಂತೆ ಅವರ ಮುಖದ ಮೇಲೆ ಭಕ್ತಿ ಏರುತ್ತಿತ್ತು. ಕಡ್ಡಿ ಮುಂದೆ ಬಂದು ಅವನ ಕಿವಿಯಲ್ಲಿ ಮೆಲ್ಲಗೆ ಕೇಳಿದ:

"ಯಜಮಾನ್ರೇ, ನೀವು ನಗೋಕೆ ಶುರು ಮಾಡ್ತೀರಾ? ನಾವು ತಯಾರಿದೀವಿ."